ಹಳೆಯ ಯೆಜ್ಡಿಯನ್ನು ಕೊಳ್ಳುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಿರ್ಮಾಣಗೊಂಡು, 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ರಸಿಕರ ಮನಸ್ಸನ್ನು ಸೆಳೆಯುತ್ತಲೇ ಇರುವ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಕೊಳ್ಳಬಯಸುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಿತ್ರರು, ಹೊಸ ಬಣ್ಣದ ಹೊಳಪಿಗೆ ಮರುಳಾಗದೆ, ಚಾಸಿ ಮತ್ತು ಇಂಜಿನ್ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗುವುವೇ ಎಂಬುದನ್ನು ಪ್ರಥಮತಃ ಪರೀಕ್ಷಿಸತಕ್ಕದ್ದು.

ಇಂಜಿನ್ ತಣ್ಣಗಿರುವಾಗಲೇ ಕಿಕ್ ಹೊಡೆಯಿರಿ. 250 ಸಿ.ಸಿ.ಯ ಈ ಟೂ-ಸ್ಟ್ರೋಕ್ ಯಂತ್ರವು ಪೆಟ್ರೋಲಿನೊಡನೆ ಆಯಿಲನ್ನೂ ದಹಿಸುವುದರಿಂದ ಆರಂಭದ ಹೊಗೆ ಸಹಜವೇ. ಆದರೆ ಬಿಸಿಯಾದ ಬಳಿಕವೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್‌ಬಾಕ್ಸಿನ ಆಯಿಲು ಸವೆದ ಕ್ರ್ಯಾಂಕ್ ಸೀಲನ್ನು ದಾಟಿ ಒಳಸೇರುತ್ತಿರುವ ಸಂಭವವುಂಟು. ತಳದಿಂದ ಗುಡುಗುಡು ಶಬ್ದವೂ ಕೇಳಿಬಂದರೆ ಬೇರಿಂಗುಗಳನ್ನು ಶಂಕಿಸಬೇಕು. ಟ್ಯಾಂಕಿನೊಳಗೆ ಟಾರ್ಚಿನ ಬೆಳಕು ಹಾಯಿಸಿ ತುಕ್ಕನ್ನೂ, ಚಾಸಿಯ ಮೇಲೆ ಹೊಸ ಬೆಸುಗೆಯ ಗುರುತನ್ನೂ ಅರಸಿರಿ.

ಗಡಿಯಾಚೆಯ ಕೊಲ್ಲಾಪುರದಲ್ಲಿ ನೋಂದಣಿಯಾದ ಬೈಕಾದರೆ ಅಲ್ಲಿಯ ಆರ್.ಟಿ.ಓ. ಕೊಟ್ಟ ಎನ್.ಓ.ಸಿ. ಬೇಕು; 15 ವರ್ಷ ಎಂದೋ ಮೀರಿರುವುದರಿಂದ ನೋಂದಣಿಯ ನವೀಕರಣ ಊರ್ಜಿತವಾಗಿರಬೇಕು; ಚಾಲ್ತಿಯಲ್ಲಿರುವ ವಿಮೆಯೂ ಅತ್ಯವಶ್ಯ. ಒಡೆತನದ ವರ್ಗಾವಣೆಗಾಗಿ ಮಾರುವವರ ಸಹಿಯುಳ್ಳ 29 ಮತ್ತು 30ನೆಯ ನಮೂನೆಗಳು ಕೈಸೇರಿದ ತರುವಾಯವೇ ಪೂರ್ಣ ಹಣವನ್ನು ಸಲ್ಲಿಸಿರಿ. ಕನ್ನಡ ನಾಡಿನಲ್ಲೇ ಜನಿಸಿದ ಈ ಯಂತ್ರವು ವಿವೇಕದಿಂದ ಕೊಂಡವರ ಮನೆಯಲ್ಲಿ ಚಿರಕಾಲ ಬಾಳಲಿ.