ಚಂಡಮಾರುತದ ನಂತರ ಮನೆ, ಕೊಟ್ಟಿಗೆ, ದಾಸ್ತಾನು ಕೊಠಡಿಗಳ ಹಾನಿಯನ್ನು ಅಂದಾಜು ಮಾಡುವುದು ಹೇಗೆ?

ಚಂಡಮಾರುತ ಬಂದು ಹೋದ ಮರುದಿನ ರೈತರ ಗಮನವೆಲ್ಲ ಮುರಿದ ಅಡಿಕೆ ಮರ, ತೆಂಗು, ನೀರು ನಿಂತ ಗದ್ದೆಗಳ ಕಡೆಗೇ ಇರುವುದು ಸಹಜ. ಆದರೆ ಕಟ್ಟಡಗಳ ಹಾನಿಯನ್ನು ಹಾರಿಹೋದ ಹೆಂಚುಗಳ ಲೆಕ್ಕದಲ್ಲಿಯೇ ಮುಗಿಸಿಬಿಡುವುದು ಸರಿಯಲ್ಲ. ಗಾಳಿ ಮಾಡಿದ ಹಾನಿ ಅಂದೇ ಕಾಣುತ್ತದೆ. ನೀರು ಮಾಡಿದ ಹಾನಿ ಕೆಲವು ವಾರಗಳಲ್ಲಿ ಗೊತ್ತಾಗುತ್ತದೆ. ಉಪ್ಪು ಮಾಡಿದ ಹಾನಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಹೊರಬೀಳುತ್ತದೆ. ಆದುದರಿಂದ ಕಟ್ಟಡವನ್ನು ಒಂದು ಸಲವಲ್ಲ, ಮೂರು ಸಲ ಪರೀಕ್ಷಿಸಬೇಕು.

ಕುದ್ರೋಳಿಯ ಉದಾಹರಣೆ

2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯುದ್ದಕ್ಕೂ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ತೀರವನ್ನು ಹೊಕ್ಕಿತು. ಉಳ್ಳಾಲ, ಸೋಮೇಶ್ವರಗಳ ಕಡೆ ಅಲೆಗಳು ದಡವನ್ನು ಕೊರೆದು ಮನೆಗಳಿಗೇ ಅಪ್ಪಳಿಸಿದವು. ಮಂಗಳೂರು ನಗರದ ಕುದ್ರೋಳಿಯ ಸ್ಥಿತಿ ಬೇರೆ. ಅದು ಫಲ್ಗುಣಿ, ಅಂದರೆ ಗುರುಪುರ ನದಿಯ ಬದಿಯಲ್ಲಿದೆ. ನದಿಯಾಚೆ ಬೆಂಗ್ರೆಯ ಮರಳ ದಿಬ್ಬ, ಅದರಾಚೆ ಅರಬ್ಬೀ ಸಮುದ್ರ. ಸಮುದ್ರದ ಅಲೆ ಇಲ್ಲಿಗೆ ನೇರವಾಗಿ ಬಂದು ಹೊಡೆಯುವುದಿಲ್ಲ. ಆದರೆ ಉಬ್ಬರದ ಉಪ್ಪುನೀರು ಅಳಿವೆಯ ಮೂಲಕ ನದಿಗೆ ಏರುತ್ತದೆ. ಬಿರುಗಾಳಿಯು ಅಲೆಯ ತುಂತುರನ್ನು ಹೊತ್ತು ತಂದು ಗೋಡೆ, ಮಾಡುಗಳಿಗೆ ಎರಚುತ್ತದೆ. ಕರಾವಳಿಯ ನದಿಗಳ ಬದಿಯಲ್ಲಿರುವ ಅನೇಕ ಕೃಷಿಕರ ಮನೆಗಳ ಸ್ಥಿತಿಯೂ ಇದೇ. ಅಲೆ ಮುಟ್ಟಲಿಲ್ಲವೆಂದು ಉಪ್ಪಿನ ಭಯವಿಲ್ಲ ಎಂದು ತಿಳಿಯಬಾರದು.

ಉಪ್ಪು ಏನು ಮಾಡುತ್ತದೆ?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆವಿಯಾದರೂ ಉಪ್ಪು ಹೋಗುವುದಿಲ್ಲ. ಚೌಳು ಗದ್ದೆಯಲ್ಲಿ ಬೇಸಗೆ ಬಂದಾಗ ಕೆಳಗಿನ ತೇವ ಮೇಲೇರಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಮುರಕಲ್ಲಿನ ಗೋಡೆಯಲ್ಲಿಯೂ ನಡೆಯುವುದು ಇದೇ. ಕಲ್ಲಿನ ರಂಧ್ರಗಳಲ್ಲಿ ಮೇಲೇರಿದ ತೇವವು ಗಾರೆಯ ಹಿಂದೆ ಉಪ್ಪಿನ ಹರಳು ಕಟ್ಟಿ, ಗಾರೆಯನ್ನು ಹುಡಿಮಾಡಿ ಉದುರಿಸುತ್ತದೆ.

ಅಡುಗೆ ಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವಂತೆ ಗೋಡೆಯ ಉಪ್ಪೂ ಗಾಳಿಯ ತೇವವನ್ನು ಹೀರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 75ನ್ನು ಮೀರಿದರೆ ಸಾಕು; ಕರಾವಳಿಯ ಮಳೆಗಾಲದಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಹೆಚ್ಚು ಅಪಾಯವಿರುವುದು ಕಾಂಕ್ರೀಟಿನಲ್ಲಿ. ಒಳ್ಳೆಯ ಕಾಂಕ್ರೀಟು ಕ್ಷಾರಗುಣದ್ದಾದ್ದರಿಂದ ಒಳಗಿನ ಕಬ್ಬಿಣದ ಕಂಬಿಯ ಮೇಲೆ ರಕ್ಷಣೆಯ ತೆಳುಪೊರೆ ಇರುತ್ತದೆ. ಉಪ್ಪಿನ ಕ್ಲೋರೈಡು ಕಂಬಿಯನ್ನು ತಲಪಿದಾಗ ಈ ಪೊರೆ ಒಡೆದು ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮುರಕಲ್ಲು, ಸುಣ್ಣದ ಗಾರೆ, ಹೆಂಚಿನ ಹಳೆಯ ಮನೆಗೆ ಈ ರೋಗವಿಲ್ಲ. ಅದಕ್ಕೆ ಅಂಟಿಸಿ ಕಟ್ಟಿದ ಹೊಸ ತಾರಸಿಗೆ, ಸಜ್ಜಕ್ಕೆ, ನೀರಿನ ಟಾಂಕಿಗೆ ಇದೆ.

ಮೊದಲನೆಯ ತಪಾಸಣೆ: ಗಾಳಿ ನಿಂತ ಕೂಡಲೇ

1. ಹೊರಗಿನಿಂದ ಒಂದು ಸುತ್ತು ಬಂದು, ಗೋಡೆ ವಾಲಿದೆಯೇ, ಮಾಡು ಕುಸಿದಿದೆಯೇ, ಅಡಿಪಾಯದ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡಿರಿ. ಅನುಮಾನವಿದ್ದರೆ ಒಳಗೆ ಹೋಗಬೇಡಿರಿ; ದನಕರುಗಳನ್ನೂ ಕಟ್ಟಬೇಡಿರಿ.

2. ತಂತಿ ಹರಿದು ಬಿದ್ದಿದ್ದರೆ ಅಥವಾ ಮೀಟರು, ಸ್ವಿಚ್ ಬೋರ್ಡು ಒದ್ದೆಯಾಗಿದ್ದರೆ ಮುಟ್ಟದೆ ಮೆಸ್ಕಾಂಗೆ ತಿಳಿಸಿರಿ. ನೀರು ಹೊಕ್ಕ ಪಂಪಿನ ಮೋಟಾರನ್ನು ಪರೀಕ್ಷಿಸದೆ ಚಾಲೂ ಮಾಡಕೂಡದು.

3. ನೀರು ನಿಂತ ಎತ್ತರವನ್ನು ಗೋಡೆಯ ಮೇಲೆ ಗೆರೆ ಎಳೆದು, ದಿನಾಂಕ ಬರೆಯಿರಿ. ತೇವ ಈ ಗೆರೆಗಿಂತಲೂ ಮೇಲೇರುತ್ತದೆ ಎಂಬುದು ನೆನಪಿರಲಿ.

4. ಏನನ್ನೂ ಸರಿಪಡಿಸುವ ಮೊದಲು ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಮಹಜರು ಮಾಡಿಸಿರಿ. ವಿಮೆ ಇದ್ದರೆ ಕಂಪನಿಗೂ ಬರೆಯಿರಿ.

ಅನಂತರ ಸಿಹಿನೀರಿನಿಂದ ತೊಳೆಯಿರಿ. ಮಳೆ ಬಿದ್ದ ಕಡೆ ಉಪ್ಪು ತಾನಾಗಿ ತೊಳೆದುಹೋಗುತ್ತದೆ. ಮಳೆ ತಾಗದ ಸೂರಿನ ಅಡಿ, ಸಜ್ಜದ ತಳಭಾಗ, ಜಿಂಕ್ ಶೀಟಿನ ಒಳಮೈ, ಬೋಲ್ಟು, ಕಿಟಕಿಯ ಸರಳುಗಳಲ್ಲಿ ಅದು ಉಳಿಯುತ್ತದೆ. ಇವನ್ನೇ ಮುಖ್ಯವಾಗಿ ತೊಳೆಯಬೇಕು. ಮೇ ತಿಂಗಳ ಬಿರುಗಾಳಿಯ ಹಿಂದೆಯೇ ಮುಂಗಾರು ಬರುತ್ತದೆ. 2019ರ ಅಕ್ಟೋಬರಿನ ಕ್ಯಾರ್ ಚಂಡಮಾರುತದಂತೆ ಮಳೆಗಾಲ ಮುಗಿಯುವಾಗ ಬಂದರೆ, ತೊಳೆಯುವ ಕೆಲಸ ಪೂರ್ತಿ ನಮ್ಮದೇ. ಬಾವಿಗೆ ಉಪ್ಪುನೀರು ನುಗ್ಗಿದ್ದರೆ ಆ ನೀರನ್ನು ತೊಳೆಯುವುದಕ್ಕಾಗಲೀ ಗಾರೆ ಕಲಸುವುದಕ್ಕಾಗಲೀ ಬಳಸಬಾರದು.

ಎರಡನೆಯ ತಪಾಸಣೆ: ಗೋಡೆ ಒಣಗುವಾಗ

ಮಳೆ ಬಿಟ್ಟ ನಂತರ ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿರಿ. ಗೋಡೆಯ ಕಡೆಗೆ ನೀರ ಹನಿ ಕಟ್ಟಿದ್ದರೆ ಒಳಗೆ ಇನ್ನೂ ತೇವವಿದೆ. ಆಗ ಬಣ್ಣ, ಸಿಮೆಂಟ್ ಗಾರೆ ಕೂಡದು. ತೇವ ಒಳಗೇ ಸಿಕ್ಕಿಬೀಳುತ್ತದೆ. ಬಿಳಿ ಹುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ಕಾಗದದಲ್ಲಿ ಹಿಡಿದು ಹೊರಗೆ ಹಾಕಿರಿ. ಹಳೆಯ ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆಯೇ ಒಳ್ಳೆಯದು.

ಪಕ್ಕಾಸು, ರೀಪುಗಳು ಗೋಡೆಗೆ ಸೇರುವಲ್ಲಿ ಚಾಕುವಿನ ಮೊನೆಯಿಂದ ಚುಚ್ಚಿ ನೋಡಿರಿ. ಮೊನೆ ಸುಲಭವಾಗಿ ಇಳಿದರೆ ಮರ ಕೊಳೆತಿದೆ. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡಿನಿಂದ ಪರೀಕ್ಷಿಸಿರಿ. ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಬಿರುಕು ಗುರುತು ದಾಟಿ ಬೆಳೆದರೆ, 5 ಮಿ.ಮೀ.ಗಿಂತ ಅಗಲವಾಗಿದ್ದರೆ, ಅಥವಾ ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋಗಿದ್ದರೆ ಅಡಿಪಾಯ ಕುಸಿದಿರುವ ಸಂಭವವಿದೆ, ಎಂಜಿನಿಯರರಿಗೆ ತೋರಿಸಿರಿ.

ಮೂರನೆಯ ತಪಾಸಣೆ: ವರ್ಷಕ್ಕೊಮ್ಮೆ, ಮಳೆಗಾಲದ ನಂತರ

ಇದು ತುಕ್ಕಿನ ತಪಾಸಣೆ. ತೊಲೆ, ಕಂಬ, ಸಜ್ಜಗಳಲ್ಲಿ ಕಂದು ಕಲೆ ಇದೆಯೇ, ಕಂಬಿಯ ಗುಂಟ ನೇರವಾದ ಬಿರುಕು ಇದೆಯೇ ನೋಡಿರಿ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿರಿ. ಗಟ್ಟಿ ಕಾಂಕ್ರೀಟು ಖಣ್ ಎನ್ನುತ್ತದೆ. ಪದರ ಬಿಟ್ಟಿದ್ದರೆ ಒಡೆದ ಮಡಕೆಯಂತೆ ಟೊಳ್ಳು ಶಬ್ದ ಬರುತ್ತದೆ. ಅಂಥ ಕಡೆ ಗಾರೆ ಮೆತ್ತಿ ಮುಚ್ಚಿದರೆ ರೋಗ ಒಳಗೆ ಬೆಳೆಯುತ್ತಲೇ ಇರುತ್ತದೆ. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂಬದಿಯವರೆಗೂ ಕೆತ್ತಿ ತೆಗೆದು, ತುಕ್ಕನ್ನು ಪೂರ್ತಿ ಉಜ್ಜಿ, ಹೊಸದಾಗಿ ತುಂಬಬೇಕು. ಕಂಬಿ ತೆಳುವಾಗಿದ್ದರೆ ಆಧಾರ ಕೊಟ್ಟು, ಎಂಜಿನಿಯರರ ಸಲಹೆಯಂತೆ ಹೊಸ ಕಂಬಿ ಸೇರಿಸಬೇಕು.

ದಾಸ್ತಾನು ಕೊಠಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿಯೂ ಸುಮಾರು ಅರ್ಧದಷ್ಟು ಕ್ಲೋರೈಡೇ ಇದೆ. ಇದರ ಚೀಲಗಳು ನೆನೆದು ಕಂಬದ ಬುಡಕ್ಕೆ ಇಳಿದರೆ ಸಮುದ್ರದ ನೀರು ನುಗ್ಗಿದಂತೆಯೇ. ಗೊಬ್ಬರವನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಡಿರಿ.

ಹೊಸದಾಗಿ ಕಟ್ಟುವವರಿಗೆ

ಭಾರತೀಯ ಮಾನಕ ಐ.ಎಸ್. 456 (2000) ಪ್ರಕಾರ ಕರಾವಳಿಯ ವಾತಾವರಣಕ್ಕೆ ತೆರೆದಿರುವ ಕಾಂಕ್ರೀಟಿನಲ್ಲಿ ಕಂಬಿಯ ಮೇಲೆ 45 ಮಿ.ಮೀ. ದಪ್ಪದ ಹೊದಿಕೆ ಇರಬೇಕು. ಒಳನಾಡಿನಲ್ಲಿ ಮಳೆಗಾಳಿ ತಾಗದ ಕಾಂಕ್ರೀಟಿಗೆ ಕನಿಷ್ಠ 20 ಮಿ.ಮೀ. ಎಂದಿದೆ. ಮೇಸ್ತ್ರಿಯು ಕಂಬಿ ಕಟ್ಟುವ ದಿನ ಟೇಪು ಹಿಡಿದು ಅಳೆದು ನೋಡಿರಿ. ಅಳಿವೆಯ ಉಪ್ಪು ಮರಳನ್ನು ಬಳಸಬೇಡಿರಿ.

ಈ ತಪಾಸಣೆಗಳಿಗೆ ಬೇಕಾದುದು ಸುತ್ತಿಗೆ, ಚಾಕು, ತೂಗುಗುಂಡು, ಪೆನ್ಸಿಲ್ ಮತ್ತು ಒಂದು ನೋಟ್ ಪುಸ್ತಕ ಮಾತ್ರ. ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿರಿ. ಮುಂದೆ ಎಂಜಿನಿಯರರಿಗಾಗಲೀ ಪರಿಹಾರ ಕೊಡುವ ಅಧಿಕಾರಿಗಳಿಗಾಗಲೀ ತೋರಿಸಲು ಈ ಬರಹವೇ ನಿಮ್ಮ ಆಧಾರ.