ದನಿ ಕಳೆದವರ ಜಗಲಿ

ಮಾಸ್ತಿಯವರ ಸಣ್ಣ ಕತೆಗಳನ್ನು ಓದಿದವರಿಗೆ ಒಂದು ಸಂಗತಿ ನೆನಪಿನಲ್ಲಿರಬಹುದು. ಅವುಗಳಲ್ಲಿ ಎಷ್ಟೋ ಕಡೆ ಯಾರೋ ಒಬ್ಬರು ಇನ್ನೊಬ್ಬರೆದುರು ಕುಳಿತು ತಾವು ಕಂಡದ್ದನ್ನೋ ಕೇಳಿದ್ದನ್ನೋ ಹೇಳುತ್ತಾರೆ. ಎದುರಿನವರು ಸಾವಧಾನವಾಗಿ ಕೇಳುತ್ತಾರೆ. ಹೇಳಬೇಕಾದವರಿಗೆ ದನಿಯೇ ಇಲ್ಲದೆ ಹೋದರೆ ಏನು ಗತಿ? ಆ ಹಿರಿಯರು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದ ಊರಿನಲ್ಲಿಯೇ, ಮಾಲೂರು ತಾಲೂಕಿನ ಮಾಸ್ತಿಯಲ್ಲಿ, ನನ್ನ ಹಿರಿಯ ಮಿತ್ರರೊಬ್ಬರನ್ನು ನೋಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಡದಾಯಿತು.

ಅವರು ನಿವೃತ್ತ ಶಾಲಾ ಉಪಾಧ್ಯಾಯರು, ಊರಿಗೆಲ್ಲ ‘ಮೇಷ್ಟ್ರು’. ಗಂಟಲಿನ ಅರ್ಬುದಕ್ಕಾಗಿ ಬೆಂಗಳೂರಿನಲ್ಲಿ ಅವರ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಹೀಗೆ ತೆಗೆದ ಮೇಲೆ ಉಸಿರಾಟ ಮೂಗುಬಾಯಿಗಳ ಮೂಲಕ ನಡೆಯುವುದಿಲ್ಲ. ಕತ್ತಿನ ಮುಂಭಾಗದಲ್ಲಿ ಮಾಡಿದ ರಂಧ್ರವೇ ಉಸಿರಿನ ದಾರಿ. ವೈದ್ಯರು ಪ್ರಾಣ ಉಳಿಸಿದರು, ಗಾಯವನ್ನು ತೊಳೆಯುವ ಕ್ರಮ ಹೇಳಿಕೊಟ್ಟರು. ಮನೆಗೆ ಬಂದ ಮರುದಿನ ಬೆಳಗ್ಗೆ ಮಡದಿ ಬಿಸಿ ಕಾಫಿ ತಂದುಕೊಟ್ಟರು. ಮೇಷ್ಟ್ರು ಎಂದಿನಂತೆ ಲೋಟವನ್ನು ತುಟಿಯ ಬಳಿಗೆ ತಂದು ಊದಲು ಹೋದರು. ಬಾಯಿಂದ ಗಾಳಿ ಹೊರಡಲಿಲ್ಲ. ಮಾತು ಹೋಗುವುದೆಂದು ತಿಳಿದೇ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದ ಅವರು, ಕಾಫಿಯನ್ನು ಊದಿ ಆರಿಸುವ ಶಕ್ತಿಯೂ ಹೋಗಿದೆಯೆಂದು ಆಗ ಅರಿತರು. ಅಂದು ಅತ್ತದ್ದು ಮಾತಿಗಾಗಿ ಅಲ್ಲ, ಆ ಕಾಫಿಗಾಗಿ ಎಂದು ಮುಂದೊಂದು ದಿನ ನನಗೆ ಸ್ಲೇಟಿನ ಮೇಲೆ ಬರೆದು ತೋರಿಸಿದರು.

ಊರಿನವರೇನೂ ಕಲ್ಲೆದೆಯವರಲ್ಲ. ಬಂದು ಹಣ್ಣು ಕೊಟ್ಟರು, ಪಕ್ಕದಲ್ಲಿ ಕುಳಿತರು. ಆದರೆ ಮಾತನಾಡದವನಿಗೆ ಕಿವಿಯೂ ಕೇಳಿಸದೆಂದು ನಮ್ಮ ಜನರಿಗೆ ಅದೇಕೆ ತೋರುತ್ತದೆಯೋ ಕಾಣೆ! ಎಲ್ಲರೂ ಅವರೆದುರು ಕೂಗಿ ಮಾತನಾಡತೊಡಗಿದರು. ಮೇಷ್ಟ್ರು ಜಗಲಿಗೆ ಬರುವುದನ್ನೇ ಬಿಟ್ಟರು.

ಆಸ್ಪತ್ರೆಯಲ್ಲಿ ಪರಿಚಯವಾದವರೊಬ್ಬರು ಅವರ ನಂಬರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಅಲ್ಲಿದ್ದವರೆಲ್ಲ ಇದೇ ಶಸ್ತ್ರಚಿಕಿತ್ಸೆಗೆ ಒಳಗಾದವರು. ಒಂದು ರಾತ್ರಿ ನಿದ್ದೆ ಬಾರದೆ ಮೇಷ್ಟ್ರು ಬರೆದರು: ‘ಕಾಫಿ ಊದುವುದಕ್ಕೆ ಆಗುವುದಿಲ್ಲ. ನಿಮಗೂ ಹೀಗೆಯೇ?’ ಸರಿರಾತ್ರಿಯಾಗಿದ್ದರೂ ಉತ್ತರಗಳು ಬಂದವು. ಮುಳಬಾಗಿಲಿನ ಕಡೆಯವರೊಬ್ಬರು, ಕನ್ನಡ ಲಿಪಿಯಲ್ಲಿ ತೆಲುಗನ್ನು ಬರೆಯುವವರು, ತಟ್ಟೆಗೆ ಸುರಿದುಕೊಂಡು ಕುಡಿಯಿರಿ, ಮೊದಲ ದಿನ ನಾನೂ ನಾಲಗೆ ಸುಟ್ಟುಕೊಂಡೆ ಎಂದರು. ಮತ್ತೊಬ್ಬರು ಸ್ನಾನದಲ್ಲಿ ನೀರು ಒಳಗೆ ಹೋಗದಂತೆ ರಂಧ್ರವನ್ನು ಮರೆಮಾಡಿಕೊಳ್ಳುವ ಉಪಾಯವನ್ನೂ, ಕಣದ ಧೂಳಿನಲ್ಲಿ ತೇವದ ತೆಳುಬಟ್ಟೆ ಕಟ್ಟಿಕೊಳ್ಳುವ ಕ್ರಮವನ್ನೂ ತಿಳಿಸಿದರು. ಬೆಂಗಳೂರಿನ ವೈದ್ಯರಾದ ವಿಶಾಲ್ ರಾವ್ ಅವರು ಸುಮಾರು 50 ರೂಪಾಯಿಯ ಒಂದು ಧ್ವನಿಸಾಧನವನ್ನು ರೂಪಿಸಿದ್ದಾರೆಂಬ ಸುದ್ದಿಯೂ ಅವರಿಗೆ ಮೊದಲು ತಿಳಿದದ್ದು ಅಲ್ಲಿಯೇ. ಹೊರದೇಶದಿಂದ ಬರುವ ಅಂಥ ಸಾಧನಗಳಿಗೆ ಸಾವಿರಗಟ್ಟಲೆ ಹಣ ತೆರಬೇಕು.

ಸಮಾನ ರೋಗಿಗಳು ಕೂಡಿ ಕುಳಿತುಕೊಳ್ಳುವುದು ಹೊಸತಲ್ಲ. 1905ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸುತ್ತಿದ್ದರು. ತಾವು ಕೊಡುವ ಸೂಚನೆಗಳಷ್ಟೇ, ರೋಗಿಗಳು ಪರಸ್ಪರ ನೀಡುವ ಧೈರ್ಯವೂ ಫಲ ಕೊಡುವುದನ್ನು ಅವರು ಕಂಡರು. ಧ್ವನಿಪೆಟ್ಟಿಗೆ ಕಳೆದುಕೊಂಡವರ ಅಂತರರಾಷ್ಟ್ರೀಯ ಸಂಘವೇ 1952ರಲ್ಲಿ ಹುಟ್ಟಿತು. ಆದರೆ ಮಾಸ್ತಿಯಂಥ ಊರಿನಲ್ಲಿ ಈ ಕಾಯಿಲೆಯ ಇನ್ನೊಬ್ಬನನ್ನು ಹುಡುಕುವುದೆಲ್ಲಿ? ಮಾಲೂರಿಗೆ ಹೋಗಿ ರೈಲು ಹಿಡಿದು ಬೆಂಗಳೂರಿನ ಸಭೆಗೆ ಹೋಗುವಷ್ಟು ತ್ರಾಣ ರೋಗಿಗೆ ಇರುವುದೆಂತು? ಫೋನು ಆ ದೂರವನ್ನು ಅಳಿಸಿತು. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ಬರೆದೇ ಮಾತನಾಡುವ ಆ ಕೂಟದಲ್ಲಿ ಮೇಷ್ಟ್ರು ಮೂಕರಾಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುವುದು. ಒಂದು ದಿನ ಆ ಗುಂಪಿಗೆ ಯಾವುದೋ ಬೇರಿನ ಪುಡಿಯ ವರ್ಣನೆ ಬಂದಿತು. ಅರ್ಬುದ ಕರಗುವುದಂತೆ, ವಿಕಿರಣ ಚಿಕಿತ್ಸೆ ಬೇಡವಂತೆ. ಅರ್ಬುದವನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಆದರೆ ಕೈಯಿಂದ ಕೈಗೆ ದಾಟುವ ಸಂದೇಶವು ಜಾಹೀರಾತಿನ ವೇಷದಲ್ಲಿ ಬರುವುದಿಲ್ಲ, ಹಿತೈಷಿಯ ವೇಷದಲ್ಲಿ ಬರುತ್ತದೆ. ಚಿಕಿತ್ಸೆಯ ನಡುವೆಯಿದ್ದ ಯುವಕನೊಬ್ಬ ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ. ಗುಂಪಿನ ಬಹುಮಂದಿ, ಪಾಪ, ನೊಂದವನ ಮನಸ್ಸನ್ನು ನೋಯಿಸುವುದೇಕೆಂದು ಸುಮ್ಮನಿದ್ದರು. ಕೆಲವರು ಕೈಮುಗಿಯುವ ಚಿತ್ರ ಕಳುಹಿಸಿದರು. ನನ್ನ ದೃಷ್ಟಿಯಲ್ಲಿ ಆ ಮೌನ ಪುಡಿಗಿಂತ ಕೆಟ್ಟದ್ದು. ವಿಕಿರಣ ಚಿಕಿತ್ಸೆ ನಡುವೆ ನಿಂತಷ್ಟೂ ಅದರ ಫಲ ಕುಂದುತ್ತದೆ.

ಮೇಷ್ಟ್ರು ಸುಮ್ಮನಿರಲಿಲ್ಲ. ಮೂರು ದಿನ ಬರೆದರು, ಅವನು ಉತ್ತರಿಸಲಿಲ್ಲ. ನಾಲ್ಕನೆಯ ದಿನ ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಸ್ಲೇಟು ಬಳಪಗಳನ್ನು ಚೀಲಕ್ಕೆ ಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ಅವನ ಮನೆಗೇ ಹೋದರು. ದನಿಯಿಲ್ಲದ ಇಬ್ಬರು ಒಂದೇ ಸ್ಲೇಟಿನ ಮೇಲೆ ಸಂಜೆಯ ತನಕ ವಾದಿಸಿದರಂತೆ. ಏನು ಬರೆದಿರೆಂದು ಕೇಳಿದೆ. ‘ಅಳಿಸಿಹೋಯಿತು’ ಎಂದು ಬರೆದು ನಕ್ಕರು. ಅವರ ನಗೆಗೂ ಈಗ ಸದ್ದಿಲ್ಲ. ಯುವಕ ಮುಂದಿನ ವಾರ ಚಿಕಿತ್ಸೆಗೆ ಮರಳಿದ.

ಈ ಬೇಸಗೆಯಲ್ಲಿ ನಾನು ಹೋದಾಗ ಮೇಷ್ಟ್ರು ಜಗಲಿಯ ಮೇಲೆಯೇ ಇದ್ದರು. ಪಕ್ಕದಲ್ಲಿ ಶ್ರೀನಿವಾಸಪುರದಿಂದ ಬಂದ ಮಾವಿನಹಣ್ಣಿನ ಬುಟ್ಟಿ. ಮೂಗಿನಲ್ಲಿ ಗಾಳಿ ಆಡದ್ದರಿಂದ ಇಂಥವರಿಗೆ ವಾಸನೆಯೂ ಬಹುಮಟ್ಟಿಗೆ ತಿಳಿಯುವುದಿಲ್ಲ. ಗುಂಪಿನ ಹಿರಿಯರೊಬ್ಬರು ಅದಕ್ಕೊಂದು ಅಭ್ಯಾಸ ಹೇಳಿಕೊಟ್ಟಿದ್ದರು: ತುಟಿ ಮುಚ್ಚಿಕೊಂಡೇ, ಸಭೆಯಲ್ಲಿ ಆಕಳಿಕೆಯನ್ನು ಅಡಗಿಸುವವರಂತೆ, ದವಡೆಯನ್ನು ಕೆಳಗಿಳಿಸಬೇಕು, ಆಗ ಮೂಗಿನೊಳಕ್ಕೆ ಅಷ್ಟಿಷ್ಟು ಗಾಳಿ ನುಗ್ಗುತ್ತದೆ. ಮೇಷ್ಟ್ರು ಒಂದು ರಸಪುರಿಯನ್ನು ಮೂಗಿನ ಬಳಿ ಹಿಡಿದು ಹಾಗೆ ಮೂರು ನಾಲ್ಕು ಸಲ ಮಾಡಿದರು. ಕಣ್ಣು ಮುಚ್ಚಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಮಡದಿ ಏನೂ ಕೇಳದೆ ನೋಡುತ್ತಿದ್ದರು. ಬಳಿಕ ಹಣ್ಣನ್ನು ಬುಟ್ಟಿಗೆ ಮರಳಿಸಿ, ಸ್ಲೇಟನ್ನು ಎತ್ತಿಕೊಂಡು ಬರೆದರು: ‘ಇನ್ನೂ ಎರಡು ದಿನ ಬೇಕು.’