ಓದಿನ ಏಕಾಗ್ರತೆಗೂ ಊಟದ ತಟ್ಟೆಗೂ ಇರುವ ನಂಟು

ಮಾರ್ಚ್ ತಿಂಗಳು ಸಮೀಪಿಸುತ್ತಿದ್ದಂತೆ ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಟಿವಿ ಬಂದ್ ಆಗುತ್ತದೆ. ಸ್ಮರಣಶಕ್ತಿ ವೃದ್ಧಿಸುವುದಾಗಿ ಹೇಳಿಕೊಳ್ಳುವ ಟಾನಿಕ್ ಬಾಟಲಿಗಳು ಕಪಾಟು ಸೇರುತ್ತವೆ. ಆದರೆ ಒಂದು ಲೋಟ ಕಾಫಿ ಕುಡಿದು ಖಾಲಿ ಹೊಟ್ಟೆಯಲ್ಲಿ ಬೆಳಗಿನ ಟ್ಯೂಷನ್‌ಗೆ ಓಡುವ ಅಭ್ಯಾಸ ಮಾತ್ರ ಬದಲಾಗುವುದಿಲ್ಲ.

ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಆರೋಗ್ಯವಂತ ಮಕ್ಕಳಲ್ಲಿ ಒಂದು ಹೊತ್ತು ಉಪವಾಸವಿದ್ದ ಮಾತ್ರಕ್ಕೆ ರಕ್ತದ ಸಕ್ಕರೆ ಕುಸಿದುಬೀಳುವುದಿಲ್ಲ. ಯಕೃತ್ತಿನಲ್ಲಿರುವ ದಾಸ್ತಾನು ಅದನ್ನು ಕಾಪಾಡುತ್ತದೆ. ಹಸಿವು ಮಾತ್ರ ಗಮನವನ್ನು ಪಾಠದಿಂದ ಹೊಟ್ಟೆಯತ್ತ ಎಳೆಯುತ್ತದೆ. ಮೊದಲೇ ಪೋಷಣೆಯ ಕೊರತೆಯಿರುವ ಮಕ್ಕಳಲ್ಲಿ ಇದರ ಪರಿಣಾಮ ಹೆಚ್ಚು. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ ಯೋಜನೆಗಳ ಹಿಂದಿನ ತರ್ಕವೂ ಇದೇ. ಖಾಸಗಿ ಶಾಲೆಗಳಲ್ಲಿ ಓದುವ ನಗರದ ಮಕ್ಕಳ ಹಸಿವಿಗೆ ಬಹುತೇಕ ವೇಳಾಪಟ್ಟಿಯೇ ಕಾರಣ.

ಮಧ್ಯಾಹ್ನದ ತೂಕಡಿಕೆಗೆ ದೇಹದ ಗಡಿಯಾರವೂ ಭಾಗಶಃ ಹೊಣೆ. ಆದರೆ ತಟ್ಟೆ ತುಂಬ ಬಿಳಿ ಅನ್ನ ಉಂಡರೆ ಅದು ಇನ್ನಷ್ಟು ಭಾರವಾಗುತ್ತದೆ. ಅನ್ನ ಕಡಿಮೆ ಮಾಡಿ ಬೇಳೆ, ಪಲ್ಯ, ಮೊಸರು ಹೆಚ್ಚಿಸಿದರೆ ಸಾಕು.

ಮನೆಯವರ ಗಮನಕ್ಕೆ ಬಾರದೆ ಉಳಿಯುವ ಕೊರತೆಯೆಂದರೆ ಕಬ್ಬಿಣದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣ ಕಡಿಮೆಯಾದರೆ ರಕ್ತ ಹೊರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದ ಅರ್ಧ ಗಂಟೆಗೇ ದಣಿವು. ಅಂಥ ಹುಡುಗಿಗೆ ಮನೆಯಲ್ಲಿ ಸಿಗುವ ಬಿರುದು ‘ಸೋಮಾರಿ’! ಹಿಮೋಗ್ಲೋಬಿನ್ ಪರೀಕ್ಷೆಗೆ ತಗಲುವ ಖರ್ಚು ಒಂದು ಟಾನಿಕ್ ಬಾಟಲಿಗಿಂತ ಹೆಚ್ಚೇನಲ್ಲ. ಈ ವಯಸ್ಸಿನ ಹುಡುಗಿಯರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಬೇಕು. ಆಗ ಆಹಾರವೊಂದರಿಂದಲೇ ಕೊರತೆ ತುಂಬುವುದು ಕಷ್ಟ.

ಆಹಾರದಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದೂ ಇಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ. ಒಂದು ಗಂಟೆಯ ಅಂತರವಾದರೂ ಇರಬೇಕು. ಮೊಳಕೆ ಹುರುಳಿಯ ಉಸಲಿಗೋ ಸೊಪ್ಪಿನ ಪಲ್ಯಕ್ಕೋ ಹಿಂಡುವ ನಿಂಬೆರಸ ಅದೇ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಅಜ್ಜಿಯರ ಅಡುಗೆಮನೆಯಲ್ಲಿ ಇದು ರುಚಿಗಾಗಿ ನಡೆಯುತ್ತಿತ್ತು.

ರಾತ್ರಿ ಓದಲು ನೆಚ್ಚುವ ಕಾಫಿಯ ಲೆಕ್ಕ ಬೇರೆ. ಅದರ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಹತ್ತು ಗಂಟೆಗೆ ಕುಡಿದದ್ದು ನಡುರಾತ್ರಿಯ ನಂತರವೂ ನಿದ್ರೆ ಕೆಡಿಸುತ್ತದೆ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಬೇಕಾದ ನಿದ್ರೆಯನ್ನೇ.

ಪರೀಕ್ಷೆಯ ದಿನ ಹೊಸ ತಿನಿಸಿನ ಪ್ರಯೋಗ ಬೇಡ. ಇಡ್ಲಿ, ಅವಲಕ್ಕಿ, ರಾಗಿ ಗಂಜಿ ಹೀಗೆ ರೂಢಿಯಲ್ಲಿರುವುದನ್ನೇ ಪರೀಕ್ಷೆಗೆ ಒಂದೂವರೆ ಗಂಟೆ ಮುಂಚೆ ತಿಂದು ಹೊರಟರೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಹೊಟ್ಟೆ ಹಗುರವಾಗಿರುತ್ತದೆ.